ಗೋಡೆಯಿಂದ ಟ್ರಂಕಿಗೆ: ಗಡಿಸೀಮೆಯ ಸಭಾಪತ್ರಕಗಳು
(ದಾಳಿಂಬದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಉಪನ್ಯಾಸದ ವಿಷಯ ಗಡಿಸೀಮೆಯ ಚರಿತ್ರೆಗೆ ಸಂಬಂಧಪಟ್ಟಿರಬೇಕು ಎಂದು ದತ್ತಿಯ ಕರಾರಿನಲ್ಲಿದೆ. ನಾನು ಆರಿಸಿಕೊಂಡದ್ದು ಚರಿತ್ರೆ ಬರೆಯುವವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಒಂದು ವಸ್ತುವನ್ನು. 1938ರಿಂದ 1948ರವರೆಗಿನ ಹತ್ತು ವರ್ಷಗಳಲ್ಲಿ ಈ ಸೀಮೆಯಲ್ಲಿ ನಡೆದ ರಾಜಕೀಯ ಸಭೆಗಳಿಗಾಗಿ ಅಚ್ಚಾದ ಗೋಡೆಪತ್ರಕ, ಕೈಪತ್ರಕ, ಜಾಹೀರನಾಮೆಗಳು ಇಂದಿನ ವಿಷಯ. ಉರ್ದು ಓದಿದ ಹಿರಿಯರು ಇವನ್ನು ಇಸ್ತಿಹಾರ ಅನ್ನುತ್ತಿದ್ದರು. ಮರಾಠಿ ಸಾಲಿಗೆ ಹೋದವರು ಪತ್ರಕ ಅನ್ನುತ್ತಾರೆ. ಉಳಿದವರಿಗೆ ಅದು ಹ್ಯಾಂಡಬಿಲ್ಲು. ಯಾವ ಹೆಸರಾದರೂ ಆದೀತು. ಇಂಥ ಕಾಗದ ಕೂಡಿಸುವ ಹುಚ್ಚು ಹಿಡಿದವನು ನಾನು. ಆದರೆ ಈವತ್ತು ಹೇಳಹೊರಟಿರುವುದು ನನ್ನ ಕಾಗದಗಳ ಪ್ರತಾಪವನ್ನಲ್ಲ. ಇಂಥ ಪತ್ರಕವನ್ನು ಅದರ ಗೋಡೆಯಿಂದಲೂ ಅದರ ಎದುರಾಳಿಯ ಪತ್ರಕದಿಂದಲೂ ಬಿಡಿಸಿ ಕೂಡಿಟ್ಟರೆ ಉಳಿಯುವುದು ಬರೀ ಅಲಂಕಾರ ಎಂಬುದೊಂದು ಮಾತನ್ನು ನಿಮ್ಮ ಮುಂದಿಡಬೇಕಾಗಿದೆ.

ಗೋಡೆಪತ್ರಕದ ಸ್ವಭಾವವೇ ವಿಚಿತ್ರ. ತನ್ನ ಕೆಲಸ ಸರಿಯಾಗಿ ಮಾಡಿದ ಪತ್ರಕ ಉಳಿಯುವುದೇ ಇಲ್ಲ. ಅಂಟು ಬಳಿದು ಗೋಡೆಗೆ ಹಚ್ಚಿದ ಕಾಗದವನ್ನು ಬಿಸಿಲು, ಮಳೆ, ಆಡು, ಹುಡುಗರು, ಎದುರು ಪಕ್ಷದವರು ಒಟ್ಟುಗೂಡಿ ಮುಗಿಸುತ್ತಾರೆ. ಅಷ್ಟರಲ್ಲಿ ಹಬ್ಬ ಬಂದರೆ ಮೇಲೆ ಸುಣ್ಣ. ಇಂದು ನಮ್ಮ ಕೈಗೆ ಸಿಗುವುದೆಲ್ಲ ಏನೋ ಒಂದು ಕಾರಣಕ್ಕೆ ಗೋಡೆಯವರೆಗೆ ಹೋಗದ ಕಾಗದ. ಅಚ್ಚುಕೂಟದಲ್ಲಿ ಮಿಕ್ಕ ಕಟ್ಟು, ಪೊಲೀಸರು ಜಪ್ತಿ ಮಾಡಿ ಕಡತಕ್ಕೆ ಹೊಲಿದದ್ದು, ಹಿಂಬದಿ ಖಾಲಿ ಇದೆಯೆಂದು ಲೆಕ್ಕ ಬರೆಯಲು ಯಾರೋ ತೆಗೆದಿಟ್ಟುಕೊಂಡದ್ದು, ಹಂಚಲು ಹೊರಟವನು ಹೆದರಿ ಮಾಳಿಗೆಯ ತೊಲೆಯ ಸಂದಿಗೆ ತುರುಕಿದ್ದು. ಹೀಗೆ ಸೋತದ್ದರಿಂದಲೇ ಬದುಕಿದ ಪತ್ರಕಗಳನ್ನು ಇಟ್ಟುಕೊಂಡು ಗೆದ್ದವುಗಳ ಕಥೆ ಹೇಳುವ ಕಷ್ಟ ಸಂಗ್ರಾಹಕನದು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. 1939ರಲ್ಲಿ ಜನ ಧೈರ್ಯಗೆಡಬಾರದೆಂದು ಸರಕಾರ ಕೆಂಪು ಬಣ್ಣದ, ಮೇಲೊಂದು ಕಿರೀಟವಿದ್ದ ಭಿತ್ತಿಪತ್ರವನ್ನು ಸುಮಾರು 24.5 ಲಕ್ಷ ಪ್ರತಿ ಅಚ್ಚು ಹಾಕಿಸಿತು. ದೊಡ್ಡ ಆಪತ್ತು ಬಂದಾಗ ಹಚ್ಚೋಣವೆಂದು ಕಾದು ಕಾದು ಕೊನೆಗೆ ಹೆಚ್ಚುಕಡಿಮೆ ಹಚ್ಚಲೇ ಇಲ್ಲ. ಕಾಗದದ ಬರ ಬಂದಾಗ ಬಹುಪಾಲನ್ನು ರದ್ದಿಗೆ ಹಾಕಿದರು. 2000ದಲ್ಲಿ ಆಲ್ನಿಕ್ ಎಂಬ ಊರಿನ ಹಳೆ ಪುಸ್ತಕದಂಗಡಿಯವರಿಗೆ ಹರಾಜಿನಲ್ಲಿ ಕೊಂಡ ಪೆಟ್ಟಿಗೆಯ ತಳದಲ್ಲಿ ಒಂದು ಪ್ರತಿ ಸಿಕ್ಕಿತು. ಅದನ್ನು ಅಂಗಡಿಯಲ್ಲಿ ತೂಗುಹಾಕಿದ್ದೇ ತಡ, ಲೋಕದ ಚಹಾ ಕಪ್ಪುಗಳ ಮೇಲೆಲ್ಲ ಅದೇ ಬಂದು ಕೂತಿತು. ಯುದ್ಧದಲ್ಲಿ ಹೆಚ್ಚಿನವರು ಕಾಣದ ಪತ್ರ ಯುದ್ಧದ ಗುರುತಾಯಿತು. ಬ್ರಿಟಿಷರಿಗೆ ಒಂದು ಅನುಕೂಲವಿತ್ತೆನ್ನಿ. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಯುದ್ಧದ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಿ ಪತ್ರಕಗಳನ್ನು ಬಿಸಿಬಿಸಿಯಾಗಿಯೇ ಕೂಡಿಹಾಕಿದರು. ನಮ್ಮಲ್ಲಿ ಆ ಕೆಲಸ ಮಾಡಿದವರು ಪೊಲೀಸರು. ಕೈದು ಮಾಡಲು ಸಾಕ್ಷಿ ಬೇಕಾಗಿ ಕೂಡಿಸಿದ್ದು, ಅದು ಬೇರೆ ಮಾತು.

ಇನ್ನು ಈ ಸೀಮೆಗೆ ಬರೋಣ. ಉಮರ್ಗಾದ ಮೇಲೆ ಹಾಯುವ ಸೊಲ್ಲಾಪುರ–ಹೈದರಾಬಾದ್ ರಸ್ತೆಯನ್ನು ಇಟ್ಟುಕೊಂಡೇ ಈ ಕಥೆ ಹೇಳಬೇಕು. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿತ್ತು, ನಳದುರ್ಗದಿಂದ ಈಚೆಗೆ ನಿಜಾಮರ ಸಂಸ್ಥಾನ. ಈಚೆಗೆ ಸಭೆ ಸೇರಬೇಕಾದರೂ ಅಪ್ಪಣೆ ಬೇಕು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಹೆಸರನ್ನು ಹಳಬರು ಬೈಗುಳದ ಹಾಗೆ ಉಚ್ಚರಿಸುತ್ತಿದ್ದರು. ಆಚೆಗೆ ಅಚ್ಚುಕೂಟಗಳಿದ್ದವು, ನಿಜಾಮರ ಹುಕುಂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹೀಗಾಗಿ ಈ ಸೀಮೆಯ ಸಭೆಯ ಕಾಗದ ಸೊಲ್ಲಾಪುರದಲ್ಲಿ ಹುಟ್ಟಿ, ಕರೋಡಗಿರಿ ನಾಕೆ ದಾಟಿ, ಇಲ್ಲಿಗೆ ಬರಬೇಕಿತ್ತು. ಅರಿವೆ, ಸಕ್ಕರೆಯ ಮೇಲೆ ಸುಂಕ ಕಟ್ಟಿಸಿಕೊಳ್ಳುವ ನಾಕೆಯಲ್ಲಿ ಸುಂಕವೇ ಇಲ್ಲದ ಆದರೆ ಜೈಲಿದ್ದ ಸರಕು ಇದು.

ಈ ಕಾಗದಗಳ ಮೊದಲನೇ ಪದರು 1938–39ರದು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಇನ್ನೂ ಸ್ಥಾಪನೆಯೇ ಆಗಿರಲಿಲ್ಲ, ಅಷ್ಟರಲ್ಲೇ ಅದರ ಮೇಲೆ ನಿಷೇಧ ಬಿದ್ದಿತ್ತು. 1938ರ ಅಕ್ಟೋಬರ್ 24ಕ್ಕೆ ಸತ್ಯಾಗ್ರಹ ಶುರುವಾಯಿತು. ಎರಡನೆಯ ತಂಡದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು. ಅವರು ಹುಟ್ಟಿದ್ದು ಸಿಂದಗಿಯಲ್ಲಿ, ಸಂನ್ಯಾಸಕ್ಕೆ ಮುಂಚೆ ಮೇಷ್ಟ್ರಾಗಿದ್ದದ್ದು ಆಗಿನ ಉಸ್ಮಾನಾಬಾದ, ಎಂದರೆ ಇದೇ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ. ಅದೇ ಡಿಸೆಂಬರಿನಲ್ಲಿ ಬಾಪೂಜಿ ಅಣೆಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಆರ್ಯ ಸಮ್ಮೇಳನ ಕೂಡಿ ಆರ್ಯ ಸಮಾಜದ ಸತ್ಯಾಗ್ರಹ ನಿಶ್ಚಯವಾಯಿತು. ಆರ್ಯ ಸಮಾಜದವರಾದ ಉದಗೀರದ ಭಾಯಿ ಶ್ಯಾಮಲಾಲರು ಬೀದರ ಜೈಲಿನಲ್ಲಿ ತೀರಿಕೊಂಡದ್ದು ಆ ವರ್ಷವೇ. ಅದೇ ಸಮಾಜದ, ನಿಮ್ಮ ಪಕ್ಕದ ಗುಂಜೋಟಿಯ ವೇದಪ್ರಕಾಶರ ಹತ್ಯೆ ಅದಕ್ಕೂ ತುಸು ಮುಂಚಿನದು. ಆರ್ಯ ಸಮಾಜದ ಸತ್ಯಾಗ್ರಹದ ಒಂದೊಂದು ತಂಡದ ನಾಯಕನಿಗೂ ಸರ್ವಾಧಿಕಾರಿ ಎಂಬ ಪದವಿ. ಆ ಕಾಲದ ಯುರೋಪಿನ ಗಾಳಿ ಪದವಿಯ ಹೆಸರಿಗೂ ತಾಗಿತ್ತೆಂದು ಕಾಣುತ್ತದೆ. 1939ರ ಆಗಸ್ಟಿನಲ್ಲಿ ಆ ಸತ್ಯಾಗ್ರಹ ನಿಂತಿತು. ಮುಂದಿನ ತಿಂಗಳೇ ಮಹಾಯುದ್ಧ.

ಮಹಾಯುದ್ಧದ ಪದರನ್ನು ನಮ್ಮ ಸಂಗ್ರಾಹಕರು ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ, ಅದರಲ್ಲಿ ವೀರಾವೇಶವಿಲ್ಲವೆಂದು. ನಿಜಾಮರು ಯುದ್ಧಕ್ಕೆ ಕೊಟ್ಟದ್ದು ಸಣ್ಣದಲ್ಲ. ಅವರ ಹಣದ ಉಪಕಾರಕ್ಕೆ ಆಸ್ಟ್ರೇಲಿಯದ ನೌಕಾಪಡೆಯ ಒಂದು ಯುದ್ಧನೌಕೆಗೆ ‘ನಿಜಾಮ್’ ಎಂದೇ ಹೆಸರಿಟ್ಟರು. ಬ್ರಿಟನ್ನಿನ 152ನೇ ವಿಮಾನದಳಕ್ಕೆ ಹೈದರಾಬಾದಿನ ಹೆಸರಿತ್ತು, ಅದರ ಲಾಂಛನದಲ್ಲಿ ನಿಜಾಮರ ದಸ್ತಾರ. ಆ ಹಣ ಆಕಾಶದಿಂದ ಉದುರಿದ್ದಲ್ಲ. ಚಂದಾ ಎತ್ತುವ ಸಭೆ, ದರಬಾರು, ಭರ್ತಿಯ ಮೇಳ, ಅವಕ್ಕೆಲ್ಲ ಒಂದೊಂದು ಕಾಗದ. ಯುದ್ಧ ಸಾಗಿದಂತೆ ಕಾಗದ ತುಟ್ಟಿಯಾಯಿತು. 1942ರ ನಂತರದ ಪತ್ರಕಗಳ ಅಳತೆ ಕುಗ್ಗುತ್ತದೆ, ಅಕ್ಷರ ಒತ್ತೊತ್ತಾಗುತ್ತದೆ, ಕಾಗದ ಎಷ್ಟು ಬಡಕಲೆಂದರೆ ಬೆಳಕಿಗೆ ಹಿಡಿದರೆ ಈಚೆಗಿನ ಅಕ್ಷರ ಆಚೆಗೆ ಕಾಣುತ್ತದೆ. ಯಾವ ತಾರೀಖೂ ಇಲ್ಲದಿದ್ದರೂ ಬೆರಳಿಗೆ ಸಿಗುವ ತಾರೀಖು ಅದು.

ಮೂರನೆಯ ಪದರು ನಿಮ್ಮ ಮನೆಗಳ ನೆನಪಿನಲ್ಲೇ ಇದೆ. 1946ರ ಜುಲೈಯಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ಹೋಯಿತು. 1947ರ ಆಗಸ್ಟ್ 7ಕ್ಕೆ ಭಾರತ ಒಕ್ಕೂಟ ಸೇರಬೇಕೆಂಬ ದಿನಾಚರಣೆ. ಆಗಸ್ಟ್ 15ಕ್ಕೆ ಸ್ವಾಮಿ ರಾಮಾನಂದ ತೀರ್ಥರು ಜೈಲಿಗೆ. ನವೆಂಬರ್ 29ಕ್ಕೆ ಯಥಾಸ್ಥಿತಿ ಕರಾರು. ಆಮೇಲೆ ಸೊಲ್ಲಾಪುರ, ಬಾರ್ಶಿಯ ಕಡೆಯಿಂದ ಹಿಡಿದು ಗಜೇಂದ್ರಗಡ, ಮುಂಡರಗಿಯವರೆಗೆ ಗಡಿಗುಂಟ ಶಿಬಿರಗಳು. ಈಚೆಗೆ ಲಾತೂರಿನ ವಕೀಲ ಕಾಸಿಂ ರಜ್ವಿಯ ಪಡೆಯಾದ ರಜಾಕಾರರು. 1948ರ ಸೆಪ್ಟೆಂಬರ್ 13ರ ಬೆಳಗ್ಗೆ ಸೊಲ್ಲಾಪುರದಿಂದ ಹೊರಟ ಭಾರತದ ಸೇನೆ ನಳದುರ್ಗದ ಬೋರಿ ನದಿಯ ಸೇತುವೆಯನ್ನು ಕೆಡದಂತೆ ಹಿಡಿದು, ಜಳಕೋಟ ದಾಟಿ, ಮಧ್ಯಾಹ್ನದ ಹೊತ್ತಿಗೆ ಉಮರ್ಗಾ ಮುಟ್ಟಿತ್ತು. 17ಕ್ಕೆ ಎಲ್ಲ ಮುಗಿಯಿತು. ಆ ಮೇಲೆ ಗೋಡೆಗೆ ಬಂದದ್ದು ಮಿಲಿಟರಿ ಗವರ್ನರ್ ಆದ ಜನರಲ್ ಚೌಧರಿಯವರ ಹೆಸರಿನ ಜಾಹೀರನಾಮೆಗಳು. ಒಂದೇ ಊರಿನ ಒಂದೇ ಗೋಡೆಯ ಮೇಲೆ ವರ್ಷದೊಳಗೆ ಮೂರು ಹುಕುಮತ್ತುಗಳ ಅಂಟು ಒಣಗಿತು.

ಒಂದು ಕಾಗದವನ್ನು ಹತ್ತಿರದಿಂದ ನೋಡೋಣ. ಉಮರ್ಗಾ ತಾಲೂಕಿನದೇ ಒಂದು ಮನೆಯದು. ಮನೆಯೊಡತಿ ಟ್ರಂಕಿನಿಂದ ತೆಗೆದು ಕೊಡುತ್ತ ಹೇಳಿದ್ದು ಇಷ್ಟು: “ಇದು ನಮ್ಮ ಮುತ್ಯಾಂದು ನೋಡ್ರಿ ಸರ. ನಮಗ ಓದ್ಲಾಕ ಬರಲ್ಲ. ಒಲಿಗಿ ಹಾಕ್ಲಾಕ ಮನಸ ಬರಲಿಲ್ಲ.” ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ. ಪತಂಗದ ಕಾಗದ, ಒಂದು ಕಾಲಕ್ಕೆ ಗುಲಾಬಿ ಇದ್ದದ್ದು. ಮಡಿಕೆಯ ಒಳಗೆ ಮಾತ್ರ ಆ ಬಣ್ಣ ಉಳಿದಿದೆ. ಮರಾಠಿಯಲ್ಲಿ ಸಭೆಯ ಕರೆ. ಸಂತೆಯ ದಿನ, ದೀಪ ಹಚ್ಚಿದ ಮೇಲೆ. ತಲೆಬರಹ ಮರದ ಮೊಳೆಯದು, ಒತ್ತಿದ ಜೋರಿಗೆ ಹಿಂಬದಿಯಲ್ಲಿ ಕೈಯಾಡಿಸಿದರೆ ಉಬ್ಬು ಸಿಗುತ್ತದೆ. ಒಂದು ಸಾಲಿನಲ್ಲಿ ‘ಸ’ ಅಕ್ಷರದ ಮೊಳೆ ಮುಗಿದು ಬೇರೆ ಅಳತೆಯ ‘ಸ’ ತಂದು ಕೂರಿಸಿದ್ದಾರೆ. ರಾತ್ರಿ ಅವಸರದಲ್ಲಿ ಕೂಡಿಸಿದ ಕೆಲಸವಿರಬೇಕು. ತೀರ ಕೆಳಗೆ ಅಚ್ಚುಕೂಟದ ಹೆಸರಿರಬೇಕಾದ ಪಟ್ಟಿಯನ್ನು ಕತ್ತರಿಯಿಂದ ನೇರ ಕತ್ತರಿಸಿದೆ, ಹರಿದದ್ದಲ್ಲ. ಬ್ರಿಟಿಷ್ ಸೀಮೆಯಲ್ಲಿ 1867ರ ಕಾಯ್ದೆಯ ಪ್ರಕಾರ ಅಚ್ಚು ಮಾಡಿದ ಪ್ರತಿ ಕಾಗದದ ಮೇಲೂ ಮುದ್ರಕನ ಹೆಸರು, ಊರು ಇರಲೇಬೇಕು. ಆಚೆಗೆ ಹೆಸರಿಲ್ಲದಿದ್ದರೆ ಮುದ್ರಕನಿಗೆ ತೊಂದರೆ, ಈಚೆಗೆ ಹೆಸರಿದ್ದರೆ ಎಲ್ಲರಿಗೂ ತೊಂದರೆ. ಕತ್ತರಿ ಆಡಿದ್ದು ನಾಕೆಯ ಹತ್ತಿರವೇ ಎಂದು ನನ್ನ ಊಹೆ.

ಹಿಂಬದಿಗೆ ತಿರುಗಿಸಿ. ಮೋಡಿ ಲಿಪಿಯಲ್ಲಿ ಜೋಳ, ಕುಸುಬಿಯ ಲೆಕ್ಕ. ನಟ್ಟನಡುವೆ ಒಂದು ತೂತು, ಅಂಗಡಿಕಾರರು ಚೀಟಿ ಚುಚ್ಚಿಡುವ ತಂತಿಯದು. ಎಂಟು ಮಡಿಕೆಗಳ ಗುರುತು ಎಂದರೆ ಯಾರದೋ ಬಂಡಿಯ ಕಿಸೆಯಲ್ಲಿ ಕೆಲ ದಿನ ಇದ್ದಿತು. ಕಿಸೆಯಿಂದ ಅಂಗಡಿಗೆ, ಅಂಗಡಿಯಿಂದ ಟ್ರಂಕಿಗೆ. ಮುಂಬದಿ ಸಭೆಯೊಂದರ ಕರೆಯಾದರೆ, ಆ ಕರೆಗೆ ಊರು ಏನು ಮಾಡಿತು ಎಂಬುದು ಹಿಂಬದಿಯಲ್ಲಿದೆ. ಇಂಥದ್ದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅರ್ಧ ಚರಿತ್ರೆಯನ್ನು ಹಲಗೆಗೆ ಮುಖಮಾಡಿ ಕೂಡಿಸಿದಂತೆ.

ಕನ್ನಡದ ಪತ್ರಕ ಎಷ್ಟಿವೆ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಈ ಭಾಗದಲ್ಲಿ ಬಹಳ ಕಡಿಮೆ. ಸರಕಾರದ ಭಾಷೆ ಉರ್ದು, ಸಾಲಿಯ ಭಾಷೆ ಉರ್ದು ಇಲ್ಲವೆ ಮರಾಠಿ. ಕನ್ನಡದ ಮೊಳೆ ಧಾರಾಳವಾಗಿದ್ದ ಅಚ್ಚುಕೂಟಗಳು ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ. ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಶಾಲೆಯೆಂದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಬೇಕಾಗಿ ಬಂದ ಕಾಲ ಅದು. ಆದರೆ ಕಾಗದದಲ್ಲಿ ಕನ್ನಡ ಇಲ್ಲವೆಂದು ಸಭೆಯಲ್ಲಿ ಇರಲಿಲ್ಲವೇ? ಆಗ ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಜನಕ್ಕೂ ಓದು ಬರುತ್ತಿರಲಿಲ್ಲ. ಪತ್ರಕ ಎಂದರೆ ಊರಿಗೆ ಒಬ್ಬ ಓದುವವನ ಕೈಗೆ ಬರುವ ಕಾಗದ. ಅವನು ಮರಾಠಿಯಲ್ಲಿ ಓದಿ, ಕಟ್ಟೆಯ ಮೇಲೆ ಕೂತವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಹಲಗೆ ಬಡಿದು ಸಾರುವವನು ಎರಡೂ ಭಾಷೆಯಲ್ಲಿ ಕೂಗುತ್ತಿದ್ದ. ಇದನ್ನು ಮರೆತು ಪತ್ರಕಗಳನ್ನು ಭಾಷೆಯ ಪ್ರಕಾರ ಬೇರೆ ಬೇರೆ ಕಟ್ಟಿಟ್ಟರೆ ದಾಳಿಂಬದ ಕನ್ನಡಿಗ ಚರಿತ್ರೆಯಿಂದಲೇ ಬಿಟ್ಟುಹೋಗುತ್ತಾನೆ. ಆಮೇಲೆ 1956ರ ನವೆಂಬರ್ 1. ಬೀದರ ಜಿಲ್ಲೆಯಿಂದ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಉಳಿದದ್ದರಲ್ಲಿ ಬಹುಪಾಲು ಮೈಸೂರಿಗೆ. ಕಾಗದಗಳ ಹಣೆಬರಹವೂ ಅಂದೇ ಹರಿದು ಹಂಚಿಹೋಯಿತು. ನಿಲಂಗಾದ 1940ರ ಒಂದು ಕಾಗದದ ಬೆನ್ನುಹತ್ತಿದವನು ಈಗ ಹೈದರಾಬಾದಿನ ತಾರ್ನಾಕಾ, ಮುಂಬಯಿ, ಕಲಬುರಗಿ ಮೂರೂ ಕಡೆಯ ಅಭಿಲೇಖಾಲಯಗಳ ಮೆಟ್ಟಿಲು ಹತ್ತಬೇಕು. ಮೂರು ಕಡೆ ಹತ್ತಿದರೂ ಸಾಲದು, ಮೂರು ಲಿಪಿ ಓದಲು ಬರಬೇಕು. ನಿಲಂಗಾದಲ್ಲೇ 1910ರಲ್ಲಿ ಹುಟ್ಟಿದ ಇತಿಹಾಸಕಾರ ಸೇತುಮಾಧವರಾವ್ ಪಗಡಿಯವರಂಥವರಿಗೆ ಅದು ಸಲೀಸಾಗಿತ್ತು. ಫಾರ್ಸಿ, ಉರ್ದು, ಮರಾಠಿ, ತೆಲುಗು ಸಾಲದೆಂದು ಗೊಂಡಿಯನ್ನೂ ಕಲಿತ ಮನುಷ್ಯ. ಈಗ ಉರ್ದು ಬಲ್ಲವನನ್ನು, ಮೋಡಿ ಬಲ್ಲವನನ್ನು, ಕನ್ನಡ ಬಲ್ಲವನನ್ನು ಒಂದೇ ಮೇಜಿನ ಸುತ್ತ ಕೂಡಿಸುವುದೇ ದೊಡ್ಡ ಕೆಲಸ.

ಎದುರಾಳಿಯ ಪತ್ರಕ ಎಂದೆನಲ್ಲ, ಈಗ ಅದರ ಮಾತು. ನಮ್ಮ ಮನೆಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ ಉಳಿದಿರುವುದು ಬಹುಪಾಲು ಒಂದು ಪಕ್ಷದ ಕಾಗದ. ಗೆದ್ದವರು ತಮ್ಮದನ್ನು ಇಟ್ಟುಕೊಂಡರು, ಪಿಂಚಣಿಯ ಅರ್ಜಿಗೆ ಲಗತ್ತಿಸಿದರು, ಸೆಪ್ಟೆಂಬರ್ 17ರ ಪ್ರದರ್ಶನಕ್ಕೆ ತಂದರು. ನಿಜಾಮರ ಪರ ನಿಂತ ಪಕ್ಷವಾದ ಮಜಲಿಸ್‌ನ ಇಸ್ತಿಹಾರಗಳು, ರಜಾಕಾರರ ಭರ್ತಿಯ ಕರೆಗಳು ಎಲ್ಲಿ? ಅವು ಅಚ್ಚಾಗಿದ್ದೂ ನಿಜ, ಗೋಡೆ ತುಂಬಿದ್ದೂ ನಿಜ. ಉರ್ದು ಪತ್ರಕ ಕಲ್ಲಚ್ಚಿನದು. ಕಾತಿಬ ಕೈಯಿಂದ ಬರೆದದ್ದು ಕಲ್ಲಿಗಿಳಿದು ಅಚ್ಚಾಗುತ್ತದೆ, ಆದ್ದರಿಂದ ಬರೆದವನ ಕೈಬರಹವೇ ಉಳಿಯುತ್ತದೆ. ಹೈದರಾಬಾದಿನ ಛತ್ತಾ ಬಜಾರಿನ ಹಳೆ ಕಾತಿಬರಿಗೆ ಅಕ್ಷರ ನೋಡಿದರೆ ಬರೆದವರು ಯಾರೆಂದು ಗುರುತು ಸಿಗುತ್ತಿತ್ತಂತೆ. ಅಂಥ ಕಾಗದ ಮನೆಯಲ್ಲಿ ಸಿಕ್ಕರೆ ಜೀವಕ್ಕೇ ಸಂಚಕಾರವಾಗಬಹುದಾದ ತಿಂಗಳುಗಳು 1948ರ ಕೊನೆಯವು. ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರ ನಿಯೋಗ ಆ ಚಳಿಗಾಲದಲ್ಲಿ ಸುತ್ತಿ ಬಂದು ಕೊಟ್ಟ ವರದಿಯಲ್ಲಿ, ಸೇನೆ ಬಂದ ನಂತರದ ಹಿಂಸೆಯಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಎಂಬ ಅಂದಾಜಿದೆ. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಎಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಆ ವರದಿ ಎಷ್ಟೋ ದಶಕ ಸರಕಾರಿ ಕಪಾಟಿನಲ್ಲಿ ಕೂತಿತ್ತು. ಅದಕ್ಕೂ ಮುಂಚೆ, ಅದೇ ವರ್ಷದ ಮೇ ತಿಂಗಳಿನಲ್ಲಿ, ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳು ಇಲ್ಲಿ ಯಾರಿಗೂ ಮರೆತಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆಂದು ಗೊತ್ತು. ಆದರೆ ಕಾಗದ ಕೂಡಿಸುವವನು ಸಿಟ್ಟು ನೋಡಿಕೊಂಡು ಕೂಡಿಸಲಾಗದು. ಗೋಡೆಯ ಮೇಲೆ ಎರಡೂ ಪಕ್ಷದ ಕಾಗದ ಇದ್ದವು, ಒಂದು ಇನ್ನೊಂದಕ್ಕೆ ಜವಾಬಾಗಿ. ಜವಾಬು ಮಾತ್ರ ಉಳಿದು ಸವಾಲು ಕಳೆದುಹೋದರೆ ಜವಾಬಿಗೂ ಅರ್ಥವಿಲ್ಲ.

ಪಕ್ಷ ಎರಡೇ ಎಂದುಕೊಂಡರೂ ಕೆಡುತ್ತೇವೆ. ದಲಿತ ಮುಂದಾಳು ಬಿ. ಶ್ಯಾಮಸುಂದರ್ ನಿಜಾಮರ ಸರಕಾರದ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ರಜಾಕಾರರ ವಿರುದ್ಧ ಬರೆದುದಕ್ಕೆ 1948ರ ಆಗಸ್ಟಿನಲ್ಲಿ ಕೊಲೆಯಾದ ಪತ್ರಕರ್ತ ಶೋಯೆಬುಲ್ಲಾ ಖಾನರು ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರು. ಉರ್ದು ಲಿಪಿ ಕಂಡೊಡನೆ ರಜಾಕಾರರದು ಎಂದು ಚೀಟಿ ಅಂಟಿಸುವ ಸಂಗ್ರಾಹಕರನ್ನು ನೋಡಿದ್ದೇನೆ. ಓದಿಸಿ ನೋಡಿದರೆ ಕೆಲವು ನಿಜಾಮರ ವಿರುದ್ಧದವೇ ಆಗಿರುತ್ತವೆ.

ಕಳೆದುಹೋದದ್ದಕ್ಕೆಲ್ಲ ಮನುಷ್ಯರೇ ಕಾರಣವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ ಈ ಸಭೆಯಲ್ಲಿರುವ ಅನೇಕರಿಗೆ ನೆನಪಿದೆ. ಗಣಪತಿ ಕಳಿಸಿ ಮಲಗಿದ ರಾತ್ರಿ. ಕಿಲ್ಲಾರಿ ಭೂಕಂಪದಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜನ ಹೋದರು. ಅತಿ ಹೆಚ್ಚು ಪೆಟ್ಟು ತಿಂದದ್ದು ಔಸಾ ಮತ್ತು ಉಮರ್ಗಾ ತಾಲೂಕುಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಬೇಸಿಗೆಗೆ ತಂಪಾಗಿದ್ದ ಅದೇ ಮನೆಗಳು ಜನರನ್ನು ಹೂಳಿದವು. ಊರುಗಳನ್ನೇ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಆ ದುಃಖದ ಮುಂದೆ ಹಳೆ ಕಾಗದದ ಮಾತು ಸಣ್ಣದೇ. ಆದರೂ ಹೇಳಬೇಕು, ಈ ಸೀಮೆಯಲ್ಲಿ 1948ರ ಕಾಗದಗಳಿದ್ದ ತೊಲೆಸಂದಿಗಳು, ಗೂಡುಗಳು, ಟ್ರಂಕುಗಳು ಆ ಮಣ್ಣಿನಡಿ ಹೋದವು. ಪುನರ್ವಸತಿಯ ಸಿಮೆಂಟು ಮನೆಗೆ ಜನ ಹೊತ್ತು ತಂದದ್ದು ಪಾತ್ರೆ ಮತ್ತು ಫೋಟೋಗಳನ್ನು. ಅದಕ್ಕೇ ಇಲ್ಲಿ ಉಳಿದಿರುವ ಒಂದೊಂದು ಪತ್ರಕಕ್ಕೂ ಬೇರೆ ಊರಿನ ಹತ್ತು ಪತ್ರಕಗಳ ತೂಕ.

ಈಗ ಪೇಟೆಯ ವಿಚಾರ. ಮುಂಬಯಿಯ ಚೋರ್ ಬಜಾರು, ಹೈದರಾಬಾದಿನ ಅಬಿಡ್ಸ್‌ನ ರವಿವಾರದ ರದ್ದಿ ಸಾಲುಗಳಲ್ಲಿ ಹಳೆ ಕಾಗದಕ್ಕೆ ಗಿರಾಕಿ ಬೆಳೆದಂತೆ ಖೋಟಾ ಮಾಲೂ ಬೆಳೆದಿದೆ. ಚಹಾದ ನೀರಿನಲ್ಲಿ ಅದ್ದಿ, ಅಂಚು ಸುಟ್ಟು, 1948 ಎಂದು ಮಾರುತ್ತಾರೆ. ಮೋಸಗಾರರಿಗೆ ಚರಿತ್ರೆ ಬಾರದೆ ಇರುವುದು ನಮ್ಮ ಪುಣ್ಯ. ಊರಿನ ಹೆಸರಿನ ಮುಂದೆ ಪಿನ್ ಕೋಡ್ ಇರುವ 1948ರ ಪತ್ರಕವನ್ನು ನನಗೊಬ್ಬರು ಮಾರಲು ಬಂದಿದ್ದರು. ಪಿನ್ ಕೋಡ್ ಬಂದದ್ದು 1972ರಲ್ಲಿ. ಲಾತೂರು ಜಿಲ್ಲೆ ಎಂದಿದ್ದರೆ ಅದು 1982ಕ್ಕಿಂತ ಹಿಂದಿನದಾಗಲಾರದು. ಮರಾಠಿಯಲ್ಲಿ ಉಚ್ಚಾರಕ್ಕೆ ಬಾರದ ಅನುಸ್ವಾರದ ಚುಕ್ಕೆಗಳನ್ನು 1962ರ ಶುದ್ಧಲೇಖನದ ನಿಯಮ ತೆಗೆದುಹಾಕಿತು, ಹಾಗಾಗಿ ಆ ಚುಕ್ಕೆಗಳಿಲ್ಲದ ‘ಹಳೆ’ ಪತ್ರಕವನ್ನು ಅನುಮಾನದಿಂದಲೇ ನೋಡಬೇಕು. ಸರಕಾರಿ ಜಾಹೀರನಾಮೆಯಾದರೆ ಅದರಲ್ಲಿ ಫಸಲಿ ವರ್ಷವಿರುತ್ತದೆ. ಹೊಸ ವರ್ಷ ಅಜೂರ್ ಮಾಸದಿಂದ, ಎಂದರೆ ಅಕ್ಟೋಬರಿನಿಂದ. ಡಿಸೆಂಬರಿನವರೆಗೆ 590 ಕೂಡಿಸಿ, ಜನವರಿಯಿಂದ 591. 1357 ಫಸಲಿಯ ಆಬಾನ್ ಎಂದಿದ್ದರೆ ಅದೇ 1948ರ ಸೆಪ್ಟೆಂಬರ್, ನಿಜಾಮರ ಸರಕಾರದ ಕೊನೆಯ ತಿಂಗಳು.

ಇವೆಲ್ಲ ಓದಿನ ಪರೀಕ್ಷೆ. ಕಣ್ಣಿನ ಪರೀಕ್ಷೆ ಇನ್ನೂ ಸುಲಭ. ಭೂತಗನ್ನಡಿಯಲ್ಲಿ ನೋಡಿದರೆ ಮೊಳೆಯಚ್ಚಿನ ಅಕ್ಷರದ ಅಂಚಿಗೆ ಶಾಯಿ ಒತ್ತಿ ದಪ್ಪಗಾಗಿರುತ್ತದೆ, ಕಲ್ಲಚ್ಚಿನಲ್ಲಿ ಒಂದೇ ಸಮ ಹರಡಿರುತ್ತದೆ, ಕಂಪ್ಯೂಟರಿನ ಅಚ್ಚಿನಲ್ಲಿ ಸಿಂಪಡಿಸಿದ ಚುಕ್ಕೆಗಳು. ಇನ್ನೊಂದು, ಕಿರಾಣಿ ಅಂಗಡಿಯವರು ಖೋಟಾ ನೋಟು ಹಿಡಿಯಲು ಇಟ್ಟುಕೊಳ್ಳುವ ನೀಲಿ ದೀಪ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕ ಕಾಗದದ ಕಾರ್ಖಾನೆಗಳಿಗೆ ಬಂದದ್ದು 1950ರ ಸುಮಾರಿಗೆ. ಹಾಗಾಗಿ ಆ ದೀಪದ ಕೆಳಗೆ ನೀಲಿಯಾಗಿ ಮಿಂಚಿದ ಕಾಗದ 1948ರದಾಗುವುದು ಬಹುತೇಕ ಅಸಾಧ್ಯ. ನೂರಾರು ರೂಪಾಯಿಯ ದೀಪ ಸಾವಿರಾರು ರೂಪಾಯಿ ಉಳಿಸುತ್ತದೆ.

ಕಾಯ್ದೆಯನ್ನೂ ಹೇಳಿಬಿಡುತ್ತೇನೆ. 1972ರ ಪುರಾವಸ್ತು ಕಾಯ್ದೆಯಲ್ಲಿ ಸಾಮಾನ್ಯ ವಸ್ತುಗಳಿಗೆ ನೂರು ವರ್ಷದ ಗಡುವು. ಆದರೆ ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆ, ದಸ್ತಾವೇಜಿಗೆ 75 ವರ್ಷ ಸಾಕು. ಲೆಕ್ಕ ಹಾಕಿ ನೋಡಿ, 1948ರ ಸೆಪ್ಟೆಂಬರಿನ ಕಾಗದಗಳು 2023ರಲ್ಲಿ ಆ ಗೆರೆ ದಾಟಿದವು. ದಾಖಲೆಯೆಂದು ಪರಿಗಣಿಸಿದ ಅಂಥ ಪತ್ರಕವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದು ಈಗ ಅಪರಾಧ. ಪುಣೆಯಿಂದಲೋ ಹೈದರಾಬಾದಿನಿಂದಲೋ ಬಂದು ‘ಅಮೆರಿಕದಲ್ಲಿ ಒಳ್ಳೆ ರೇಟಿದೆ’ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಕಾಪಾಡುವ ಬಗೆಗೆ ಹೆಚ್ಚು ಹೇಳುವುದಿಲ್ಲ, ಬಲ್ಲವರು ಬೇರೆ ಇದ್ದಾರೆ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಪ್ಲಾಸ್ಟಿಕ್ಕು ಒಮ್ಮೆ ಕಾಯ್ದು ಕಚ್ಚಿಕೊಂಡರೆ ಕಾಗದ ಹೊರಗೆ ಬರುವುದಿಲ್ಲ. ಸೆಲೋ ಟೇಪು ಕೆಲ ವರ್ಷಕ್ಕೆ ಕಂದು ಕಲೆಯಾಗಿ ಒಳಕ್ಕೆ ಇಳಿಯುತ್ತದೆ. ಹರಿದದ್ದು ಹರಿದಂತೇ ಚಪ್ಪಟೆಯಾಗಿ, ಎರಡು ಒಳ್ಳೆಯ ಬಿಳಿ ಹಾಳೆಗಳ ನಡುವೆ, ಗೋಡೆಗೆ ತಾಗದ ಕಡೆ ಇಡಿ. ನೀರಿನಲ್ಲಿ ಒರೆಸಲು ಹೋದರೆ ಪತಂಗದ ಕಾಗದದ ಬಣ್ಣವೆಲ್ಲ ಹರಿದುಹೋಗುತ್ತದೆ.

ಕೊಡಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಮನೆಯ ಕಾಗದ ಮನೆಯಲ್ಲೇ ಇರಲಿ. ಊರು ಬಿಟ್ಟ ಪತ್ರಕ ಒಂದು ಸುಂದರ ಚಿತ್ರ ಅಷ್ಟೇ, ಅದಕ್ಕೆ ಮಾತು ಹೋಗಿರುತ್ತದೆ. ಬೇಕಾಗಿರುವುದು ಫೋಟೋ ಮತ್ತು ಟಿಪ್ಪಣಿ. ಫೋಟೋ ತೆಗೆಯುವಾಗ ಪಕ್ಕದಲ್ಲೊಂದು ಸ್ಕೇಲು ಇಡಿ, ಹಿಂಬದಿಯನ್ನೂ ತೆಗೆಯಿರಿ. ಟಿಪ್ಪಣಿಯಲ್ಲಿ ಯಾರ ಮನೆ, ಮನೆಯ ಯಾವ ಜಾಗದಲ್ಲಿತ್ತು, ಯಾರು ಏನೆಂದು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಿರಿ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ. ಸಾಲಿಯ ಹುಡುಗರು ಇದನ್ನು ಮಾಡಬಲ್ಲರು, ಎಲ್ಲರ ಕೈಯಲ್ಲೂ ಮೊಬೈಲು ಇದೆ. ದೀಪವೂ ಭೂತಗನ್ನಡಿಯೂ ನನ್ನ ಚೀಲದಲ್ಲಿವೆ. ಈವತ್ತು ಕಾಗದ ತಂದಿರುವವರು ವಂದನಾರ್ಪಣೆ ಮುಗಿದ ಮೇಲೆ ಆ ಕಡೆಯ ಮೇಜಿಗೆ ಬನ್ನಿ. ಮೋಡಿ ಬಲ್ಲ ಹಿರಿಯರೊಬ್ಬರೂ ಉರ್ದು ಬಲ್ಲ ಮೇಷ್ಟ್ರೊಬ್ಬರೂ ಕೂತಿರುತ್ತಾರೆ, ಓದಿಸಿಕೊಂಡು ಹೋಗಬಹುದು.